ಕಡಿದಾಗ ಹುಟ್ಟುವ ಕಿಡಿ

ಹಳೆಯ ಪೆಟ್ರೋಲ್ ಕಾರು ದಾರಿಯಲ್ಲಿ ನಿಂತುಬಿಟ್ಟರೆ ಕೊಪ್ಪಳ ಸೀಮೆಯ ಮೆಕ್ಯಾನಿಕ್‌ಗೆ ಬರುವುದು ಎರಡೇ ಅನುಮಾನ. ಒಂದೋ ‘ಪೆಟ್ರೋಲ್ ಬರವಲ್ದು’, ಇಲ್ಲವೇ ‘ಕರೆಂಟ್ ಬರವಲ್ದು’. ಮೊದಲನೆಯದಾದರೆ ಕಾರ್ಬ್ಯುರೇಟರ್ ಬಿಚ್ಚುತ್ತಾನೆ. ಎರಡನೆಯದಾದರೆ ಅವನ ಕೈ ನೇರ ಹೋಗುವುದು ಎಂಜಿನ್ ಪಕ್ಕದ ಡಿಸ್ಟ್ರಿಬ್ಯೂಟರ್‌ಗೆ, ಅವನ ಮಾತಿನಲ್ಲಿ ಡೆಲ್ಕೊಗೆ. ಎರಡು ಕ್ಲಿಪ್ ಸರಿಸಿ ಕಪ್ಪು ಕ್ಯಾಪ್ ಎತ್ತುತ್ತಾನೆ, ರೋಟರ್ ಕೀಳುತ್ತಾನೆ. ಒಳಗೆ ಕೆಲವೇ ಮಿಲಿಮೀಟರ್ ಅಗಲದ ಎರಡು ಲೋಹದ ಬಿಲ್ಲೆಗಳು ಎದುರುಬದುರು ಕೂತಿರುತ್ತವೆ. ಅವೇ ಪಾಯಿಂಟ್. ನಡುವೆ ಪಾಲಿಶ್ ಪೇಪರ್ ತೂರಿಸಿ ನಾಲ್ಕು ಸಲ ಎಳೆದು, ಫೀಲರ್ ಗೇಜ್ ಹಿಡಿದು ಸಂದು ಸರಿಮಾಡಿ, ಮುಚ್ಚಿ, ‘ಸೆಲ್ಫ್ ಹೊಡೀರಿ’ ಅನ್ನುತ್ತಾನೆ. ಬಹಳ ಸಲ ಎಂಜಿನ್ ಹಿಡಿದುಕೊಳ್ಳುತ್ತದೆ.

ಈ ನೋಟ ಈಗ ಅಪರೂಪ. 1958ರಿಂದ 2014ರವರೆಗೆ ತಯಾರಾದ ಅಂಬಾಸಿಡರ್, ಅದರ ಜೊತೆಗಾರ ಪ್ರೀಮಿಯರ್ ಪದ್ಮಿನಿ, ಮಹೀಂದ್ರಾದ ಪೆಟ್ರೋಲ್ ಜೀಪು ಇವೆಲ್ಲ ಒಂದು ಕಾಲಕ್ಕೆ ಕುಷ್ಟಗಿ, ಯಲಬುರ್ಗಾದ ಹಳ್ಳಿದಾರಿಗಳಲ್ಲಿ ಮದುವೆ, ಚುನಾವಣೆ, ಆಸ್ಪತ್ರೆ ಎಲ್ಲಕ್ಕೂ ಓಡಿದ ಗಾಡಿಗಳು. ಪೆಟ್ರೋಲ್ ದುಬಾರಿಯಾದಾಗ ಎಷ್ಟೋ ಗಾಡಿಗಳ ಎಂಜಿನ್ ತೆಗೆಸಿ ಡೀಸೆಲ್ ಎಂಜಿನ್ ಕೂರಿಸಿದರು. ಡೀಸೆಲ್‌ಗೆ ಸ್ಪಾರ್ಕ್ ಪ್ಲಗ್ಗೇ ಬೇಡ, ಹಾಗಾಗಿ ಅವುಗಳಿಗೆ ಈ ಅಧ್ಯಾಯವೂ ಬೇಡ. ಮೂಲ ಪೆಟ್ರೋಲ್ ಎಂಜಿನ್ ಉಳಿಸಿಕೊಂಡವರ ಮುಂದೆ ಮಾತ್ರ ಒಂದು ಪ್ರಶ್ನೆ ಇದೆ. ಪಾಯಿಂಟ್ ಕಿತ್ತು ಎಲೆಕ್ಟ್ರಾನಿಕ್ ಇಗ್ನಿಷನ್ ಹಾಕಿಸಬೇಕೆ? ಉತ್ತರ ಸಿಗಬೇಕಾದರೆ ಪ್ಲಗ್ಗಿನ ತುದಿಯ ಕಿಡಿ ಎಲ್ಲಿಂದ ಬರುತ್ತದೆ ಎಂಬುದನ್ನು ಮೊದಲು ನೋಡಬೇಕು.

ಪಂಪಿನ ಪೈಪು ಒದೆಯುವುದೇಕೆ?

ಕಾರಿನ ಬ್ಯಾಟರಿ 12 ವೋಲ್ಟ್‌ನದು. ಸಿಲಿಂಡರ್ ಒಳಗೆ ಒತ್ತಿಹಿಡಿದ ಪೆಟ್ರೋಲ್ ಆವಿ ಮತ್ತು ಗಾಳಿಯ ಮಿಶ್ರಣದಲ್ಲಿ, ಪ್ಲಗ್ಗಿನ 0.6 ಮಿಲಿಮೀಟರ್ ಸಂದಿನ ಆಚೆ ಈಚೆ ಕಿಡಿ ಹಾರಬೇಕಾದರೆ ಹತ್ತು ಸಾವಿರ ವೋಲ್ಟ್ ಅಥವಾ ಅದಕ್ಕೂ ಹೆಚ್ಚು ಬೇಕು. ಹನ್ನೆರಡರಿಂದ ಹತ್ತು ಸಾವಿರಕ್ಕೆ ಜಿಗಿಯುವುದು ಹೇಗೆ?

ತುಂಗಭದ್ರಾ ಕಾಲುವೆಯ ಬದಿಯಲ್ಲೋ ಕೊಳವೆಬಾವಿಯ ಮೇಲೋ ಪಂಪ್‌ಸೆಟ್ ಇಟ್ಟುಕೊಂಡ ರೈತರಿಗೆ ಒಂದು ಅನುಭವ ಉಂಟು. ಉದ್ದನೆಯ ಪೈಪಿನಲ್ಲಿ ನೀರು ಭರ್ರನೆ ಹೋಗುತ್ತಿರುವಾಗ ವಾಲ್ವ್ ತಟಕ್ಕನೆ ಮುಚ್ಚಿಕೊಂಡರೆ ಪೈಪು ‘ಧಡ್’ ಎಂದು ಒದೆಯುತ್ತದೆ, ಕೆಲವೊಮ್ಮೆ ಜಾಯಿಂಟೇ ಕಿತ್ತುಹೋಗುತ್ತದೆ. ಪಂಪಿಗೆ ಅಷ್ಟು ಒತ್ತಡ ಕೊಡುವ ಶಕ್ತಿ ಇರಲಿಲ್ಲ. ಓಡುತ್ತಿದ್ದ ನೀರಿನ ಜಡತ್ವ ಒಮ್ಮೆಲೇ ತಡೆಗೆ ಬಡಿದು ಒತ್ತಡವಾಯಿತು. ವಾಲ್ವ್ ಎಷ್ಟು ಬೇಗ ಮುಚ್ಚಿತೋ ಒದೆತ ಅಷ್ಟು ಜೋರು. ನಿಧಾನವಾಗಿ ತಿರುಗಿಸಿ ಮುಚ್ಚಿದರೆ ಸದ್ದೇ ಇಲ್ಲ.

ಇಗ್ನಿಷನ್ ಕಾಯಿಲ್ ಕೆಲಸ ಮಾಡುವುದೂ ಇದೇ ರೀತಿಯಲ್ಲಿ. ಕಬ್ಬಿಣದ ತಿರುಳಿನ ಸುತ್ತ ದಪ್ಪ ತಂತಿಯ ಕೆಲವು ನೂರು ಸುತ್ತು, ಅದರ ಜೊತೆಗೆ ಕೂದಲೆಳೆಯ ತಂತಿಯ ಸುಮಾರು ನೂರು ಪಟ್ಟು ಹೆಚ್ಚು ಸುತ್ತು. ದಪ್ಪ ತಂತಿಯಲ್ಲಿ, ಅಂದರೆ ಪ್ರೈಮರಿಯಲ್ಲಿ, ಕರೆಂಟ್ ಹರಿದಾಗ ತಿರುಳಿನ ಸುತ್ತ ಕಾಂತಕ್ಷೇತ್ರ ಕಟ್ಟಿಕೊಳ್ಳುತ್ತದೆ. ಹರಿಯುತ್ತಿರುವಷ್ಟು ಹೊತ್ತೂ ಪ್ಲಗ್ಗಿನಲ್ಲಿ ಏನೂ ಆಗದು. ಕರೆಂಟನ್ನು ಥಟ್ಟನೆ ಕಡಿದಾಗ ಆ ಕ್ಷೇತ್ರ ಕುಸಿಯುತ್ತದೆ. 1831ರಲ್ಲಿ ಮೈಕೆಲ್ ಫ್ಯಾರಡೆ ತೋರಿಸಿದಂತೆ, ಬದಲಾಗುವ ಕಾಂತಕ್ಷೇತ್ರ ತಂತಿಯಲ್ಲಿ ವೋಲ್ಟೇಜ್ ಹುಟ್ಟಿಸುತ್ತದೆ. ಬದಲಾವಣೆ ವೇಗವಾದಷ್ಟೂ ವೋಲ್ಟೇಜ್ ಹೆಚ್ಚು. ಪ್ರೈಮರಿಯಲ್ಲೇ ಮುನ್ನೂರು ವೋಲ್ಟ್ ಆಸುಪಾಸು ಎದ್ದರೆ, ನೂರು ಪಟ್ಟು ಸುತ್ತಿರುವ ಸೆಕೆಂಡರಿಯಲ್ಲಿ ಸಾವಿರಾರು ವೋಲ್ಟ್ ಏಳುತ್ತದೆ. ಕರೆಂಟ್ ಹರಿದಾಗ ಕಿಡಿ ಬರುತ್ತದೆಂಬುದು ನಮ್ಮ ಸಾಮಾನ್ಯ ಎಣಿಕೆ. ಇಲ್ಲಿ ಮಾತ್ರ ಹರಿವು ಕಡಿದ ಕ್ಷಣಕ್ಕೇ ಕಿಡಿ ಹುಟ್ಟುತ್ತದೆ.

ಹೀಗಾಗಿ ಇಗ್ನಿಷನ್ನಿನ ಕಥೆಯೆಲ್ಲ ಒಂದೇ ಪ್ರಶ್ನೆಯ ಸುತ್ತ ಸುತ್ತುತ್ತದೆ. ಕರೆಂಟನ್ನು ಕಡಿಯುವವರು ಯಾರು, ಎಷ್ಟು ಚೊಕ್ಕವಾಗಿ, ಎಷ್ಟು ಸರಿಯಾದ ಗಳಿಗೆಗೆ?

ಡೇಟನ್‌ನಿಂದ ಆಡುಗೋಡಿಯವರೆಗೆ

1860ರಲ್ಲಿ ಎಟಿಯೆನ್ ಲೆನ್ವಾರ್ ಪ್ಯಾರಿಸ್ಸಿನಲ್ಲಿ ಮಾಡಿದ ಗ್ಯಾಸ್ ಎಂಜಿನ್ನಿಗೂ ವಿದ್ಯುತ್ ಕಿಡಿಯೇ ಇತ್ತು. ಆಗಿನ ಕಾಯಿಲ್‌ಗಳಲ್ಲಿ ಕರೆಂಟ್ ಕಡಿಯುತ್ತಿದ್ದುದು ಸ್ಪ್ರಿಂಗಿಗೆ ಕಟ್ಟಿದ ಒಂದು ನಡುಗುವ ಪಟ್ಟಿ, ಹಳೆಯ ಕರೆಗಂಟೆಯೊಳಗೆ ಇರುವಂಥದ್ದೇ. ಅದು ಗುಂಯ್‌ಗುಡುತ್ತ ಒಂದರ ಹಿಂದೊಂದು ಕಿಡಿ ಉದುರಿಸುತ್ತಿತ್ತು. ಫೋರ್ಡ್‌ನ ಮಾಡೆಲ್ ಟಿ ಕಾರು 1927ರವರೆಗೂ ಇದನ್ನೇ ನೆಚ್ಚಿಕೊಂಡಿತ್ತು. ನಿಧಾನದ ಎಂಜಿನ್ನಿಗೆ ಇದು ಸಾಕು. ವೇಗ ಹೆಚ್ಚಿದಾಗ, ಆ ಸಾಲಿನಲ್ಲಿ ಮೊದಲ ಕಿಡಿ ಯಾವಾಗ ಬಿತ್ತೆಂದು ಹೇಳುವುದೇ ಕಷ್ಟ.

ಜರ್ಮನಿಯಲ್ಲಿ ರಾಬರ್ಟ್ ಬಾಷ್ ಅವರ ಕಾರ್ಖಾನೆಯ ಎಂಜಿನಿಯರ್ ಗೊಟ್ಲೋಬ್ ಹೊನೋಲ್ಡ್ 1902ರಲ್ಲಿ ಹೈವೋಲ್ಟೇಜ್ ಮ್ಯಾಗ್ನೆಟೊ ಮತ್ತು ಅದಕ್ಕೆ ತಕ್ಕ ಸ್ಪಾರ್ಕ್ ಪ್ಲಗ್ ರೂಪಿಸಿದರು. ಬ್ಯಾಟರಿಯ ಹಂಗಿಲ್ಲದೆ, ತಿರುಗುವ ಎಂಜಿನ್ನಿಂದಲೇ ಕಿಡಿ ತೆಗೆಯುವ ಯಂತ್ರ ಅದು. ಅಮೆರಿಕದ ಒಹಾಯೊ ರಾಜ್ಯದ ಡೇಟನ್ ಊರಿನಲ್ಲಿ ಚಾರ್ಲ್ಸ್ ಕೆಟರಿಂಗ್ ಬೇರೆ ದಾರಿ ಹಿಡಿದರು. ಅಂಗಡಿಯ ಹಣದ ಯಂತ್ರಗಳಿಗೆ ವಿದ್ಯುತ್ ಮೋಟರ್ ಕೂರಿಸಿ ಹೆಸರು ಮಾಡಿದ್ದ ಅವರು, ನಡುಗುವ ಪಟ್ಟಿಯನ್ನು ತೆಗೆದುಹಾಕಿ ಎಂಜಿನ್ ಜೊತೆ ತಿರುಗುವ ಕ್ಯಾಮ್‌ನಿಂದ ಪಾಯಿಂಟ್ ತೆರೆಯುವಂತೆ ಮಾಡಿದರು. ಒಂದು ಕಡಿತಕ್ಕೆ ಒಂದೇ ಕಿಡಿ, ಅದೂ ಗೊತ್ತುಮಾಡಿದ ಗಳಿಗೆಗೆ. 1909ರಲ್ಲಿ ಅವರು ಕಟ್ಟಿದ ಡೇಟನ್ ಎಂಜಿನಿಯರಿಂಗ್ ಲ್ಯಾಬೊರೇಟರೀಸ್ ಕಂಪನಿಯ ಗಿಡ್ಡ ಹೆಸರೇ ಡೆಲ್ಕೊ. ಅವರ ಇಗ್ನಿಷನ್ ಮೊದಲು ಸೇರಿದ್ದು ಕ್ಯಾಡಿಲ್ಯಾಕ್ ಕಾರಿಗೆ. ಮುಂದಿನ ದಶಕಗಳಲ್ಲಿ ಜಗತ್ತಿನ ಬಹುಪಾಲು ಪೆಟ್ರೋಲ್ ಕಾರುಗಳು ಕೆಟರಿಂಗ್ ಹಾಕಿಕೊಟ್ಟ ದಾರಿಗೇ ಬಂದವು.

ಕರ್ನಾಟಕಕ್ಕೂ ಈ ಕಥೆಯಲ್ಲಿ ದೊಡ್ಡ ಪಾಲಿದೆ. 1951ರಲ್ಲಿ ಬೆಂಗಳೂರಿನಲ್ಲಿ ಬಾಷ್ ಸಹಯೋಗದ ಮೋಟರ್ ಇಂಡಸ್ಟ್ರೀಸ್ ಕಂಪನಿ, ಅಂದರೆ ಮೈಕೊ, ಹುಟ್ಟಿತು. ಆಡುಗೋಡಿಯಲ್ಲಿ ತಯಾರಾದ ಮೈಕೊ ಪ್ಲಗ್ ದೇಶದ ಮೂಲೆಮೂಲೆಯ ಆಟೊಮೊಬೈಲ್ ಅಂಗಡಿ ತಲುಪಿತು. 2008ರಲ್ಲಿ ಕಂಪನಿ ಬಾಷ್ ಲಿಮಿಟೆಡ್ ಎಂದು ಹೆಸರು ಬದಲಿಸಿಕೊಂಡರೂ ಹಳೆಯ ಮೆಕ್ಯಾನಿಕ್‌ಗಳಿಗೆ ಪ್ಲಗ್ ಎಂದರೆ ಈಗಲೂ ಮೈಕೊ. ಮೈಸೂರಿನ ಯಾದವಗಿರಿಯಲ್ಲಿ 1960ರ ದಶಕದ ಆರಂಭದಿಂದ 1996ರವರೆಗೆ ಐಡಿಯಲ್ ಜಾವಾ ಕಾರ್ಖಾನೆ ಜಾವಾ, ಆಮೇಲೆ ಯೆಜ್ಡಿ ಬೈಕುಗಳನ್ನು ತಯಾರಿಸಿತು. ಪಾಯಿಂಟ್ ತೆಗೆಸಿ ಎಲೆಕ್ಟ್ರಾನಿಕ್ ಹಾಕಿಸುವ ಪ್ರಯೋಗ ನಮ್ಮಲ್ಲಿ ಈ ಬೈಕುಗಳ ಮೇಲೂ ನಡೆದಿದೆ.

ಪಾಯಿಂಟ್ ಸೋಲುವುದೆಲ್ಲಿ?

ಒಂದು ಲೆಕ್ಕ ಹಾಕಿ ನೋಡೋಣ. ನಾಲ್ಕು ಸಿಲಿಂಡರಿನ ನಾಲ್ಕು ಸ್ಟ್ರೋಕ್ ಎಂಜಿನ್ನಿನಲ್ಲಿ ಕ್ರ್ಯಾಂಕ್ ಒಮ್ಮೆ ಸುತ್ತಿದರೆ ಎರಡು ಕಿಡಿ ಬೇಕು. ನಿಮಿಷಕ್ಕೆ 3000 ಸುತ್ತಿನಲ್ಲಿ ಸೆಕೆಂಡಿಗೆ 100 ಕಿಡಿ. ಒಂದು ಕಿಡಿಗೂ ಇನ್ನೊಂದಕ್ಕೂ ನಡುವೆ ಸಿಗುವುದು 10 ಮಿಲಿಸೆಕೆಂಡ್. ಆ ಅವಧಿಯ ಮೂರನೇ ಎರಡು ಭಾಗ ಪಾಯಿಂಟ್ ಮುಚ್ಚಿದ್ದು ಕಾಯಿಲ್‌ಗೆ ಕರೆಂಟ್ ತುಂಬುತ್ತದೆ, ಉಳಿದ ಹೊತ್ತು ತೆರೆದಿರುತ್ತದೆ.

ತುಂಬುವುದಕ್ಕೂ ಹೊತ್ತು ಬೇಕು. ಪ್ರೈಮರಿಯ ರೋಧ 3 ಓಮ್, ಇಂಡಕ್ಟನ್ಸ್ 8 ಮಿಲಿಹೆನ್ರಿ ಎಂದಿಟ್ಟುಕೊಂಡರೆ ಪೂರ್ತಿ ತುಂಬಿದ ಕಾಯಿಲ್‌ನಲ್ಲಿ 4 ಆಂಪಿಯರ್ ಹರಿಯುತ್ತದೆ, ಸಂಗ್ರಹವಾದ ಶಕ್ತಿ 64 ಮಿಲಿಜೂಲ್. 3000 ಸುತ್ತಿನಲ್ಲಿ ಪಾಯಿಂಟ್ ಮುಚ್ಚಿರುವುದು 6.7 ಮಿಲಿಸೆಕೆಂಡ್ ಮಾತ್ರ; ಅಷ್ಟರಲ್ಲಿ ಕರೆಂಟ್ ಏರುವುದು 3.7 ಆಂಪಿಯರ್‌ವರೆಗೆ, ಶಕ್ತಿ 54 ಮಿಲಿಜೂಲ್. 5000 ಸುತ್ತಿಗೆ ಹೋದರೆ ಸಿಗುವುದು 4 ಮಿಲಿಸೆಕೆಂಡ್, ಕರೆಂಟ್ 3.1 ಆಂಪಿಯರ್, ಶಕ್ತಿ 39 ಮಿಲಿಜೂಲ್‌ಗೆ ಇಳಿಯುತ್ತದೆ. ಹದವಾಗಿ ಬೆರೆತ ಮಿಶ್ರಣಕ್ಕೆ ಬೆಂಕಿ ತಗುಲಲು ಪ್ರಯೋಗಶಾಲೆಯಲ್ಲಿ ಒಂದು ಮಿಲಿಜೂಲ್‌ಗಿಂತಲೂ ಕಡಿಮೆ ಸಾಕು. ನಿಜವಾದ ಸಿಲಿಂಡರಿನಲ್ಲಿ ಮಿಶ್ರಣ ಹದತಪ್ಪಿರುತ್ತದೆ, ಸುಳಿಸುತ್ತುತ್ತಿರುತ್ತದೆ, ಪ್ಲಗ್ ಮೇಲೆ ಮಸಿ ಕೂತಿರುತ್ತದೆ, ದಾರಿಯಲ್ಲೇ ಒಂದಷ್ಟು ಶಕ್ತಿ ಸೋರಿಹೋಗುತ್ತದೆ. ಅದಕ್ಕೇ ಹತ್ತಾರು ಪಟ್ಟು ಶಕ್ತಿಯನ್ನು ಮೀಸಲು ಇಟ್ಟುಕೊಂಡಿರಬೇಕು.

ಎರಡನೆಯ ತೊಂದರೆ ಕಡಿಯುವ ಜಾಗದಲ್ಲೇ ಇದೆ. ಪಾಯಿಂಟ್ ತೆರೆಯತೊಡಗಿದ ಕ್ಷಣ ಸಂದು ತೀರ ಕಿರಿದು. ಪ್ರೈಮರಿಯಲ್ಲಿ ಎದ್ದ ವೋಲ್ಟೇಜ್ ಅದನ್ನು ಹಾರಿ ಅಲ್ಲೇ ಕಿಡಿ ಉರಿಸುತ್ತದೆ. ಅಂದರೆ ಕಡಿತ ಪೂರ್ತಿಯಾಗುವುದಿಲ್ಲ, ಪ್ಲಗ್ಗಿಗೆ ಹೋಗಬೇಕಾದ ಶಕ್ತಿ ಡೆಲ್ಕೊ ಒಳಗೇ ಸುಟ್ಟುಹೋಗುತ್ತದೆ. ಇದನ್ನು ತಡೆಯಲೆಂದೇ ಪಕ್ಕದಲ್ಲಿ ಸುಮಾರು 0.2 ಮೈಕ್ರೊಫ್ಯಾರಡ್‌ನ ಕಂಡೆನ್ಸರ್ ಇದೆ. ಪಾಯಿಂಟ್ ತೆರೆದೊಡನೆ ಅದು ಕರೆಂಟನ್ನು ತನ್ನೊಳಕ್ಕೆ ಎಳೆದುಕೊಂಡು ಸಂದು ಅಗಲವಾಗುವಷ್ಟು ಪುರಸೊತ್ತು ಕೊಡುತ್ತದೆ. ಹಾಗಿದ್ದೂ ಒಂದಿಷ್ಟು ಉರಿ ಉಳಿದೇ ಉಳಿಯುತ್ತದೆ. ಟಂಗ್‌ಸ್ಟನ್‌ನಂಥ ಗಟ್ಟಿ ಲೋಹವೂ ಕರಗಿ ಒಂದು ಬಿಲ್ಲೆಯಿಂದ ಇನ್ನೊಂದಕ್ಕೆ ದಾಟುತ್ತದೆ. ಒಂದರಲ್ಲಿ ಗುಳಿ, ಇನ್ನೊಂದರಲ್ಲಿ ಗುಬ್ಬಟೆ. ಮೆಕ್ಯಾನಿಕ್ ಪಾಲಿಶ್ ಪೇಪರಿನಿಂದ ಉಜ್ಜುವುದು ಇದನ್ನೇ.

ಮೂರನೆಯದು ಸವೆತ. ಪಾಯಿಂಟ್ ತೋಳಿನ ಫೈಬರ್ ತುಂಡು ಕ್ಯಾಮ್ ಮೇಲೆ ಉಜ್ಜುತ್ತಲೇ ಇರುತ್ತದೆ. ಅದು ಸವೆದಂತೆ ಸಂದು ಕಿರಿದಾಗಿ ಪಾಯಿಂಟ್ ತಡವಾಗಿ ತೆರೆಯುತ್ತದೆ, ಕಿಡಿಯೂ ತಡವಾಗುತ್ತದೆ. 3000 ಸುತ್ತಿನಲ್ಲಿ ಕ್ರ್ಯಾಂಕ್ ಒಂದು ಮಿಲಿಸೆಕೆಂಡಿಗೆ 18 ಡಿಗ್ರಿ ತಿರುಗುತ್ತದೆ. ಮಿಶ್ರಣ ಉರಿದು ಒತ್ತಡ ಏರಲು ಒಂದೆರಡು ಮಿಲಿಸೆಕೆಂಡ್ ಬೇಕಾದ್ದರಿಂದ ಪಿಸ್ಟನ್ ತುದಿ ಮುಟ್ಟುವ ಮೊದಲೇ ಕಿಡಿ ಹಾರಬೇಕು. ಕೆಲವೇ ಡಿಗ್ರಿ ಹಿಂದುಳಿದರೂ ಎಳೆತ ಕುಗ್ಗುತ್ತದೆ, ಎಂಜಿನ್ ಕಾಯುತ್ತದೆ, ಪೆಟ್ರೋಲ್ ಹೆಚ್ಚು ಕುಡಿಯುತ್ತದೆ. ಗಾಡಿ ನಿಲ್ಲುವುದಿಲ್ಲ, ದಿನಕ್ಕಿಷ್ಟು ಎಂದು ಸೊರಗುತ್ತ ಹೋಗುವುದರಿಂದ ಮಾಲೀಕನಿಗೆ ಇದು ಗೊತ್ತೇ ಆಗುವುದಿಲ್ಲ.

ಕುಷ್ಟಗಿಯ ಧೂಳು, ಗಂಗಾವತಿಯ ತೇವ

ಇದೇ ಯಂತ್ರಕ್ಕೆ ಕೊಪ್ಪಳ ಜಿಲ್ಲೆ ತನ್ನದೇ ಪರೀಕ್ಷೆಗಳನ್ನು ಒಡ್ಡುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ಬಿಸಿಲು 40 ಡಿಗ್ರಿ ದಾಟುವುದು ಇಲ್ಲಿ ವಾಡಿಕೆ. ಬಾನೆಟ್ ಒಳಗಿನ ಕಾಯಿಲ್ ಇನ್ನೂ ಎಷ್ಟೋ ಪಾಲು ಬಿಸಿ. ತಾಮ್ರದ ರೋಧ ಪ್ರತಿ ಡಿಗ್ರಿಗೆ ಶೇಕಡಾ 0.39ರಷ್ಟು ಏರುತ್ತದೆ. 20 ಡಿಗ್ರಿಯಲ್ಲಿ 3 ಓಮ್ ಇದ್ದ ಕಾಯಿಲ್ 80 ಡಿಗ್ರಿಯಲ್ಲಿ 3.7 ಓಮ್ ಆಗುತ್ತದೆ. ಕರೆಂಟ್ 4ರಿಂದ 3.2 ಆಂಪಿಯರ್‌ಗೆ ಇಳಿಯುತ್ತದೆ. ಶಕ್ತಿ ಕರೆಂಟಿನ ವರ್ಗಕ್ಕೆ ತಕ್ಕಂತೆ ಇಳಿಯುವುದರಿಂದ 64 ಮಿಲಿಜೂಲ್ ಇದ್ದದ್ದು 42ಕ್ಕೆ ಬರುತ್ತದೆ, ಸುಮಾರು ಮೂರನೇ ಒಂದು ಭಾಗ ಖೋತಾ. ರೈಲ್ವೆ ಗೇಟಿನ ಮುಂದೆ ಮಟಮಟ ಮಧ್ಯಾಹ್ನ ಐಡ್ಲಿಂಗ್‌ನಲ್ಲಿ ನಿಂತ ಹಳೆಯ ಕಾರಿನ ಡೈನಮೊ ಬ್ಯಾಟರಿಗೆ ಸರಿಯಾಗಿ ಚಾರ್ಜ್ ಕೊಡದಿರುವುದೂ ಇದಕ್ಕೆ ಕೂಡಿಕೊಂಡರೆ, ಬೆಳಿಗ್ಗೆ ಒಂದೇ ಏಟಿಗೆ ಶುರುವಾದ ಗಾಡಿ ಮಧ್ಯಾಹ್ನ ಮೊಂಡು ಹಿಡಿಯುವುದು ಏಕೆಂದು ಅರ್ಥವಾಗುತ್ತದೆ.

ಕುಷ್ಟಗಿ, ಯಲಬುರ್ಗಾ ಮಳೆ ನೆಚ್ಚಿದ ಒಣ ಸೀಮೆ. ಎರೆಮಣ್ಣಿನ ಹುಡಿ, ಕುಷ್ಟಗಿ ಕಡೆಯ ಗ್ರಾನೈಟ್ ಕ್ವಾರಿಗಳ ಧೂಳು ಡೆಲ್ಕೊ ಒಳಗೆ ಸೇರಿಕೊಂಡರೆ ಕ್ಯಾಮ್ ಮೇಲಿನ ಗ್ರೀಸಿನೊಂದಿಗೆ ಕಲೆತು ಸಾಣೆಪುಡಿಯಾಗುತ್ತದೆ, ಫೈಬರ್ ಬೇಗ ತಿನ್ನುತ್ತದೆ. ತುಂಗಭದ್ರಾ ಎಡದಂಡೆ ಕಾಲುವೆಯ ನೀರುಂಡ ಗಂಗಾವತಿಯಲ್ಲಿ ಕಥೆ ಬೇರೆ. ನೀರು ನಿಂತ ಭತ್ತದ ಗದ್ದೆಗಳ ನಡುವೆ ಮಂಜು ಬಿದ್ದ ಬೆಳಿಗ್ಗೆ ಕ್ಯಾಪ್ ಒಳಗೆ ತೇವ ಕೂರುತ್ತದೆ. ತೇವವೂ ಧೂಳೂ ಸೇರಿದ ಪದರದ ಮೇಲೆ ಹೈವೋಲ್ಟೇಜ್ ಹರಿದು ಕ್ಯಾಪ್‌ನ ಗೋಡೆಯಲ್ಲಿ ಕಪ್ಪು ಗೆರೆ ಕೊರೆಯುತ್ತದೆ. ಒಮ್ಮೆ ಆ ಗೆರೆ ಬಿತ್ತೆಂದರೆ ಕಿಡಿಗೆ ಪ್ಲಗ್ಗಿಗಿಂತ ಅದೇ ಹತ್ತಿರದ ದಾರಿ. ಎಲೆಕ್ಟ್ರಾನಿಕ್ ಕಿಟ್ ಎಷ್ಟೇ ಒಳ್ಳೆಯದಿದ್ದರೂ ಈ ಕೊನೆಯ ರೋಗಕ್ಕೆ ಅದರಲ್ಲಿ ಮದ್ದಿಲ್ಲ. ಕ್ಯಾಪ್, ರೋಟರ್, ವೈರ್ ಹಳೆಯವೇ ಉಳಿಯುತ್ತವಲ್ಲ!

ಕಡಿಯುವ ಕೆಲಸ ಟ್ರಾನ್ಸಿಸ್ಟರ್ ಪಾಲಿಗೆ

1947ರಲ್ಲಿ ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ ಹುಟ್ಟಿದ ಟ್ರಾನ್ಸಿಸ್ಟರ್‌ಗೆ ಸವೆಯುವ ಭಾಗವೇ ಇಲ್ಲ. ಕಡಿಯುವುದಕ್ಕೆ ಅದಕ್ಕಿಂತ ಒಳ್ಳೆಯ ಆಳು ಎಲ್ಲಿ ಸಿಕ್ಕಾನು? ಆದರೆ ಕಾಯಿಲ್ ಹಿಂದಕ್ಕೆ ಒದೆಯುವ ಮುನ್ನೂರು ನಾನೂರು ವೋಲ್ಟನ್ನು ತಡೆಯುವ ಶಕ್ತಿ ಮೊದಮೊದಲಿನ ಜರ್ಮೇನಿಯಂ ಟ್ರಾನ್ಸಿಸ್ಟರ್‌ಗಳಿಗೆ ಇರಲಿಲ್ಲ. ಎಂಜಿನ್ನಿನ ಬಿಸಿಯನ್ನೂ ಅವು ಸಹಿಸುತ್ತಿರಲಿಲ್ಲ. 1960ರ ದಶಕದಲ್ಲಿ ನಡುದಾರಿಯ ಒಂದು ಉಪಾಯ ಬಂತು. ಪಾಯಿಂಟ್ ಅಲ್ಲೇ ಇರಲಿ, ಅದು ಟ್ರಾನ್ಸಿಸ್ಟರ್‌ಗೆ ಅಪ್ಪಣೆ ಕೊಡುವಷ್ಟು ಸಣ್ಣ ಕರೆಂಟ್ ಮಾತ್ರ ಕಡಿಯಲಿ, ಕಾಯಿಲ್‌ನ ಭಾರವನ್ನು ಟ್ರಾನ್ಸಿಸ್ಟರ್ ಹೊರಲಿ. ಪಾಯಿಂಟ್ ಸುಡುವುದು ನಿಂತಿತು, ಫೈಬರ್ ಸವೆಯುವುದು ನಿಲ್ಲಲಿಲ್ಲ.

ಪಾಯಿಂಟನ್ನು ಪೂರ್ತಿ ಹೊರಹಾಕಿಸಿದ್ದು ಹೊಗೆಯ ಕಾನೂನು. ಕಾರುಗಳು 50 ಸಾವಿರ ಮೈಲಿ ಓಡುವವರೆಗೂ ಹೊಗೆಯ ಮಿತಿ ಮೀರಬಾರದೆಂದು ಅಮೆರಿಕ 1970ರ ಕಾಯ್ದೆಯಲ್ಲಿ ಹೇಳಿತು. ಕಿಡಿ ತಪ್ಪಿದ ಸಿಲಿಂಡರಿನಿಂದ ಸುಡದ ಪೆಟ್ರೋಲ್ ಹಾಗೇ ಹೊರಬರುತ್ತದೆ. ಕೆಲವು ಸಾವಿರ ಮೈಲಿಗೊಮ್ಮೆ ಪಾಯಿಂಟ್ ಹದಮಾಡಿಸಬೇಕಾದ ಕಾರು ಈ ಷರತ್ತನ್ನು ಮುಟ್ಟುವುದು ಕಷ್ಟ. ಕ್ರೈಸ್ಲರ್ ತನ್ನ 1973ರ ಕಾರುಗಳಿಗೆ, ಜನರಲ್ ಮೋಟರ್ಸ್ 1975ರ ಕಾರುಗಳಿಗೆ ಪಾಯಿಂಟ್ ಇಲ್ಲದ ಇಗ್ನಿಷನ್ ಹಾಕಿದವು. ಹೊಗೆಯ ಕಾನೂನು ನಮ್ಮಲ್ಲೂ ಬಿಗಿಯಾಯಿತು: 1995ರಲ್ಲಿ ನಾಲ್ಕು ಮಹಾನಗರಗಳ ಹೊಸ ಪೆಟ್ರೋಲ್ ಕಾರುಗಳಿಗೆ ಹೊಗೆ ಶುದ್ಧಿ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಕಡ್ಡಾಯವಾಯಿತು, 2000ದಲ್ಲಿ ಸೀಸರಹಿತ ಪೆಟ್ರೋಲ್ ದೇಶಕ್ಕೆಲ್ಲ ಬಂತು.

ಪಾಯಿಂಟ್ ಇಲ್ಲವೆಂದಮೇಲೆ ಯಾವ ಗಳಿಗೆಗೆ ಕಡಿಯಬೇಕೆಂದು ಟ್ರಾನ್ಸಿಸ್ಟರ್‌ಗೆ ಹೇಳುವವರು ಯಾರು? ಅದಕ್ಕೆ ಮೂರು ದಾರಿಗಳಿವೆ. ಹಲ್ಲುಗಳಿರುವ ಉಕ್ಕಿನ ಚಕ್ರ ಕಾಂತವಿರುವ ಸುರುಳಿಯ ಮುಂದೆ ಹಾದಾಗ ಸಣ್ಣ ವೋಲ್ಟೇಜ್ ಹುಟ್ಟುವುದು ಒಂದು. ಬೆಳಕಿನ ಕಿರಣವನ್ನು ತಿರುಗುವ ಬಿಲ್ಲೆ ತಡೆಯುವುದು ಇನ್ನೊಂದು. ಇವತ್ತು ಹಳೆಯ ಕಾರಿಗೆ ಮಾರುವ ಕಿಟ್‌ಗಳಲ್ಲಿ ಹೆಚ್ಚು ಚಾಲ್ತಿಯಲ್ಲಿರುವುದು ಮೂರನೆಯದು. 1879ರಲ್ಲಿ ಅಮೆರಿಕದ ವಿದ್ಯಾರ್ಥಿ ಎಡ್ವಿನ್ ಹಾಲ್ ಕಂಡುಕೊಂಡ ಪರಿಣಾಮವೇ ಅದರ ಬುನಾದಿ. ಕರೆಂಟ್ ಹರಿಯುವ ತೆಳು ಪಟ್ಟಿಗೆ ಅಡ್ಡವಾಗಿ ಕಾಂತ ಹಿಡಿದರೆ ಎಲೆಕ್ಟ್ರಾನುಗಳು ಒಂದು ಅಂಚಿಗೆ ಸರಿದು, ಎರಡು ಅಂಚುಗಳ ನಡುವೆ ವೋಲ್ಟೇಜ್ ಏಳುತ್ತದೆ. ರೋಟರ್ ಕೆಳಗೆ ಕೂರುವ ಪ್ಲಾಸ್ಟಿಕ್ ಬಳೆಯಲ್ಲಿ ನಾಲ್ಕು ಪುಟ್ಟ ಕಾಂತಗಳು, ಪಾಯಿಂಟ್ ಇದ್ದ ಜಾಗದಲ್ಲಿ ಹಾಲ್ ಸಂವೇದಕ. ಒಂದೊಂದು ಕಾಂತ ಹಾದಾಗಲೂ ಒಂದು ಅಪ್ಪಣೆ. ಎಲ್ಲೂ ಮುಟ್ಟುವುದಿಲ್ಲ, ಉಜ್ಜುವುದಿಲ್ಲ.

ಸಿಡಿಐ ಎಂಬ ಹೆಸರು ನಮ್ಮ ಬೈಕ್ ಮೆಕ್ಯಾನಿಕ್‌ಗಳಿಗೆಲ್ಲ ಗೊತ್ತು. ಅದರ ರೀತಿ ಬೇರೆ. ಮೊದಲೇ ಮುನ್ನೂರು ನಾನೂರು ವೋಲ್ಟ್ ತುಂಬಿಟ್ಟುಕೊಂಡ ಕೆಪಾಸಿಟರನ್ನು ಥೈರಿಸ್ಟರ್ ಎಂಬ ಎಲೆಕ್ಟ್ರಾನಿಕ್ ಸ್ವಿಚ್ಚು ಒಮ್ಮೆಲೇ ಕಾಯಿಲ್‌ಗೆ ಸುರಿಯುತ್ತದೆ. ಕೆಟರಿಂಗ್ ಕಡಿದು ಪಡೆದದ್ದನ್ನು ಇದು ಸುರಿದು ಪಡೆಯುತ್ತದೆ. ವೋಲ್ಟೇಜ್ ಎಷ್ಟು ಬೇಗ ಏರುತ್ತದೆಂದರೆ ಎಣ್ಣೆಮಸಿ ಹಿಡಿದ ಪ್ಲಗ್ ಮೂಲಕ ಸೋರುವುದಕ್ಕೂ ಪುರಸೊತ್ತಿಲ್ಲ. ಆಯಿಲ್ ಬೆರೆಸಿದ ಪೆಟ್ರೋಲ್ ಕುಡಿಯುವ ಟೂ-ಸ್ಟ್ರೋಕ್ ಬೈಕಿಗೆ ಇದು ಹೇಳಿಮಾಡಿಸಿದ್ದು. 1985ರಲ್ಲಿ ಬಂದ ಯಮಹಾ ಆರ್‌ಎಕ್ಸ್ 100ರಲ್ಲಿ ಸಿಡಿಐ ಇತ್ತು, ಹಳೆಯ ಯೆಜ್ಡಿಗೂ ಜನ ಅದನ್ನೇ ಹಾಕಿಸುತ್ತಾರೆ. ಆದರೆ ಸಿಡಿಐ ಕಿಡಿಯ ಆಯುಷ್ಯ ಗಿಡ್ಡ, ಮಿಲಿಸೆಕೆಂಡಿನ ಹತ್ತನೇ ಒಂದು ಪಾಲಿನ ಆಸುಪಾಸು. ಕಾಯಿಲ್ ಕಡಿದು ಬಂದ ಕಿಡಿ ಒಂದೆರಡು ಮಿಲಿಸೆಕೆಂಡ್ ಉರಿಯುತ್ತದೆ. ನಿಧಾನವಾಗಿ ತಿರುಗುವ, ಮಿಶ್ರಣ ಸಮನಾಗಿ ಬೆರೆಯದ ಹಳೆಯ ಕಾರ್ಬ್ಯುರೇಟರ್ ಕಾರಿಗೆ ಆ ದೀರ್ಘ ಕಿಡಿಯೇ ಹೆಚ್ಚು ಹೊಂದುತ್ತದೆ.

ಕೂರಿಸುವ ಮುನ್ನ, ಕೂರಿಸಿದ ಮೇಲೆ

ಕಿಟ್ ಕೊಳ್ಳುವ ಮೊದಲು ಡೆಲ್ಕೊ ಶಾಫ್ಟ್ ಹಿಡಿದು ಅಲ್ಲಾಡಿಸಿ ನೋಡಬೇಕು. ಬುಶ್ ಸವೆದು ಶಾಫ್ಟ್ ಅಕ್ಕಪಕ್ಕ ಆಡುತ್ತಿದ್ದರೆ ನಾಲ್ಕು ಸಿಲಿಂಡರಿಗೂ ನಾಲ್ಕು ಬಗೆಯ ಟೈಮಿಂಗ್. ಹಾಲ್ ಸಂವೇದಕ ಇದನ್ನು ಪಾಯಿಂಟಿಗಿಂತ ಹೆಚ್ಚು ಸಹಿಸಿಕೊಂಡರೂ ಗುಣಪಡಿಸಲಾರದು. ಮೊದಲು ಬುಶ್, ಆಮೇಲೆ ಕಿಟ್. ವೇಗಕ್ಕೆ ತಕ್ಕಂತೆ ಕಿಡಿಯನ್ನು ಮುಂಚಿತವಾಗಿ ಹಾರಿಸುವ ತೂಕದ ಗುಂಡುಗಳು, ಅವುಗಳ ಸ್ಪ್ರಿಂಗ್, ವ್ಯಾಕ್ಯೂಮ್ ಡಬ್ಬಿ ಎಲ್ಲವೂ ಹಳೆಯವೇ ಕೆಲಸ ಮಾಡುವುದರಿಂದ ಅವಕ್ಕೂ ಒಮ್ಮೆ ಎಣ್ಣೆ ಕಾಣಿಸಬೇಕು.

ಮಲ್ಟಿಮೀಟರಿನಿಂದ ಕಾಯಿಲ್ ಅಳೆಯುವುದು ಎರಡನೆಯ ಕೆಲಸ. 3 ಓಮ್ ಬಂದರೆ ಅದು 12 ವೋಲ್ಟ್‌ನ ಸಾದಾ ಕಾಯಿಲ್. 1.5 ಓಮ್ ಬಂದರೆ ದಾರಿಯಲ್ಲಿ ಕರೆಂಟಿಗೆ ಮಿತಿ ಹಾಕುವ ಬ್ಯಾಲಾಸ್ಟ್ ರೋಧಕ ಇದೆಯೆಂದು ಲೆಕ್ಕ. ಅದನ್ನು ಗಮನಿಸದೆ ನೇರ ಸಂಪರ್ಕ ಕೊಟ್ಟರೆ ಎರಡರಷ್ಟು ಕರೆಂಟ್ ಹರಿದು ಮಾಡ್ಯೂಲ್ ಸುಡುತ್ತದೆ. ಮೂರನೆಯದು ಅರ್ಥ್. 1960ರ ದಶಕದ ನಡುವಿನವರೆಗಿನ ಎಷ್ಟೋ ಬ್ರಿಟಿಷ್ ಮೂಲದ ಕಾರುಗಳಲ್ಲಿ ಬ್ಯಾಟರಿಯ ಪಾಸಿಟಿವ್ ತುದಿಯನ್ನು ಬಾಡಿಗೆ ಕೊಡುತ್ತಿದ್ದರು. ಪಾಯಿಂಟಿಗೆ ಯಾವ ದಿಕ್ಕಾದರೂ ನಡೆಯುತ್ತದೆ, ಟ್ರಾನ್ಸಿಸ್ಟರ್‌ಗೆ ನಡೆಯದು. ಹಳೆಯ ಮಾರಿಸ್ ಇಟ್ಟುಕೊಂಡವರು ಬ್ಯಾಟರಿ ವೈರ್ ಎಲ್ಲಿಗೆ ಹೋಗಿದೆಯೆಂದು ಕಣ್ಣಾರೆ ನೋಡಿಯೇ ಮುಂದುವರಿಯಬೇಕು.

ಕೂರಿಸುವ ಕೆಲಸ ಸರಳ. ಒಂದನೇ ಸಿಲಿಂಡರನ್ನು ಮೇಲ್ತುದಿಗೆ ತಂದು ರೋಟರ್ ಯಾವ ಕಡೆ ಮುಖ ಮಾಡಿದೆಯೆಂದು ಗುರುತು ಹಾಕಿಕೊಳ್ಳುವುದು. ಬ್ಯಾಟರಿ ಬಿಚ್ಚಿ, ಪಾಯಿಂಟ್ ಮತ್ತು ಕಂಡೆನ್ಸರ್ ತೆಗೆದು ಅದೇ ತಟ್ಟೆಯ ಮೇಲೆ ಮಾಡ್ಯೂಲ್ ಕೂರಿಸುವುದು. ಕಾಂತದ ಬಳೆಯನ್ನು ಕ್ಯಾಮ್ ಮೇಲೆ ಒತ್ತಿ ಇಳಿಸುವುದು. ಎರಡೇ ವೈರು, ಸಾಮಾನ್ಯವಾಗಿ ಕೆಂಪು ಕಾಯಿಲ್‌ನ ಪಾಸಿಟಿವ್‌ಗೆ, ಕಪ್ಪು ನೆಗೆಟಿವ್‌ಗೆ. ಮಾಡ್ಯೂಲ್ ಕಡಿಯುವ ಗಳಿಗೆಯೂ ಹಳೆಯ ಪಾಯಿಂಟ್ ತೆರೆಯುತ್ತಿದ್ದ ಗಳಿಗೆಯೂ ಒಂದೇ ಆಗಿರುವುದಿಲ್ಲ. ಹಾಗಾಗಿ ಟೈಮಿಂಗ್ ಲೈಟ್ ಹಿಡಿದು ಡೆಲ್ಕೊ ತಿರುಗಿಸಿ ಹೊಸದಾಗಿ ಟೈಮಿಂಗ್ ಹಿಡಿಸಲೇಬೇಕು. ಬರೀ ತಾಮ್ರದ ತಂತಿಯಿರುವ ಪ್ಲಗ್ ವೈರ್‌ಗಳು ರೇಡಿಯೊ ಅಲೆ ಚೆಲ್ಲಿ ಸಂವೇದಕವನ್ನು ಗಲಿಬಿಲಿಗೊಳಿಸುತ್ತವೆ. ರೋಧಕವಿರುವ ಸಪ್ರೆಸರ್ ವೈರ್ ಹಾಕುವುದು ಒಳಿತು.

ಎರಡು ಹಳೆಯ ಅಭ್ಯಾಸ ಬಿಡಬೇಕಾಗುತ್ತದೆ. ಪ್ಲಗ್ ವೈರ್ ಕಿತ್ತು ಎಂಜಿನ್ ಬ್ಲಾಕಿನಿಂದ ದೂರ ಹಿಡಿದು ‘ಕರೆಂಟ್ ಐತೇನು’ ಎಂದು ನೋಡುವುದು ಒಂದು. ಹೊರದಾರಿ ಸಿಗದ ವೋಲ್ಟೇಜ್ ಮಾಡ್ಯೂಲನ್ನೋ ಕಾಯಿಲ್ಲನ್ನೋ ಭೇದಿಸಬಹುದು, ಹಿಡಿದವರ ಕೈಗೂ ಹೊಡೆಯಬಹುದು. ಎಂಜಿನ್ ನಿಂತಿರುವಾಗ ರೇಡಿಯೊ ಕೇಳಲೆಂದು ಕೀ ಆನ್ ಇಟ್ಟುಬಿಡುವುದು ಇನ್ನೊಂದು. ಅಗ್ಗದ ಕಿಟ್‌ಗಳಲ್ಲಿ ಆಗ ಕಾಯಿಲ್‌ಗೆ ಎಡೆಬಿಡದೆ ಕರೆಂಟ್ ಹರಿದು ಎರಡೂ ಕಾದು ಕೆಡುತ್ತವೆ.

ಲಾಭ ಎಷ್ಟು, ಯಾರಿಗೆ?

ಜಾಹೀರಾತುಗಳು ಕುದುರೆಶಕ್ತಿ ಏರುತ್ತದೆ, ಮೈಲೇಜ್ ಏರುತ್ತದೆ ಎನ್ನುತ್ತವೆ. ಮೇಲಿನ ಲೆಕ್ಕ ಬೇರೆಯದನ್ನೇ ಹೇಳುತ್ತದೆ. ಹಳೆಯ ಕಾಯಿಲ್‌ಗೆ ಹಾಲ್ ಕಿಟ್ ಜೋಡಿಸಿದರೆ ತುಂಬಿಕೊಳ್ಳುವ ಶಕ್ತಿಗೆ ಮೇಲ್ಮಿತಿ ಅದೇ ಕಾಯಿಲ್, ಅದೇ 12 ವೋಲ್ಟ್. ಬೇಸಿಗೆಯಲ್ಲಿ ತಾಮ್ರದ ರೋಧ ಏರುವುದನ್ನು ಸಾದಾ ಕಿಟ್ ತಡೆಯುವುದಿಲ್ಲ. ಕರೆಂಟನ್ನು ಅಳೆದು ಹದಮಾಡುವ ದುಬಾರಿ ಮಾಡ್ಯೂಲು, ಅದಕ್ಕೆ ತಕ್ಕ ಕಡಿಮೆ ರೋಧದ ಕಾಯಿಲ್ ಎರಡೂ ಇದ್ದರಷ್ಟೇ ಆ ಕೊರತೆ ತುಂಬುತ್ತದೆ. ಹೊಸ ಪಾಯಿಂಟ್ ಹಾಕಿ ಚೆನ್ನಾಗಿ ಹದಮಾಡಿದ ಕಾರಿಗೂ ಸಾದಾ ಕಿಟ್ ಹಾಕಿದ ಕಾರಿಗೂ ಮೊದಲ ದಿನ ದೊಡ್ಡ ಅಂತರ ಕಾಣದು. ಅಂತರ ತಿಳಿಯುವುದು ಸಾವಿರಾರು ಕಿಲೋಮೀಟರ್ ಓಡಿದ ಮೇಲೆ. ಪಾಯಿಂಟ್ ಅಷ್ಟರಲ್ಲಿ ಸವೆದು ಹದತಪ್ಪಿರುತ್ತದೆ, ಸಂವೇದಕ ಇದ್ದ ಹಾಗೇ ಇರುತ್ತದೆ.

ಇದಕ್ಕೆ ತೆರುವ ಬೆಲೆಯೂ ಉಂಟು. ಪಾಯಿಂಟ್ ಕೆಡುವ ಮೊದಲು ಮುನ್ಸೂಚನೆ ಕೊಡುತ್ತದೆ: ಎಳೆತ ಕುಗ್ಗುತ್ತದೆ, ಸ್ಟಾರ್ಟಿಂಗ್ ತಡವಾಗುತ್ತದೆ. ಕೆಟ್ಟರೂ ದಾರಿಬದಿಯಲ್ಲಿ ಉಜ್ಜಿ ಊರು ಸೇರಬಹುದು. ಮಾಡ್ಯೂಲ್ ಸುಟ್ಟರೆ ಸುಳಿವೇ ಇಲ್ಲದೆ ಎಂಜಿನ್ ನಿಲ್ಲುತ್ತದೆ, ಬಿಚ್ಚಿ ಉಜ್ಜಲು ಒಳಗೇನೂ ಇರುವುದಿಲ್ಲ. ಯಲಬುರ್ಗಾದ ಒಳರಸ್ತೆಯಲ್ಲಿ ಸಂಜೆ ಹೀಗಾದರೆ ಜಾಣ ಮೆಕ್ಯಾನಿಕ್ ಕೂಡ ಕೈಚೆಲ್ಲಬೇಕು. ತೆಗೆದ ಪಾಯಿಂಟ್ ಮತ್ತು ಕಂಡೆನ್ಸರನ್ನು ಒರೆಸಿ, ಒಂದು ಸ್ಕ್ರೂಡ್ರೈವರ್ ಜೊತೆ ಡಿಕ್ಕಿಯಲ್ಲಿ ಇಟ್ಟುಕೊಂಡವರಿಗೆ ಈ ಭಯವಿಲ್ಲ. ಅರ್ಧ ಗಂಟೆಯಲ್ಲಿ ಹಿಂದಿನ ಸ್ಥಿತಿಗೆ ಮರಳಬಹುದು.

ಕಾನೂನಿನ ದೃಷ್ಟಿಯಿಂದಲೂ ಆ ಹಳೆಯ ಭಾಗಗಳಿಗೆ ಬೆಲೆ ಇದೆ. 2021ರಲ್ಲಿ ತಿದ್ದಿದ ಕೇಂದ್ರ ಮೋಟಾರು ವಾಹನ ನಿಯಮಗಳು 50 ವರ್ಷ ದಾಟಿದ ವಾಹನಗಳಿಗೆ ‘ವಿಂಟೇಜ್’ ನೋಂದಣಿ ಕೊಡುತ್ತವೆ. ಷರತ್ತೆಂದರೆ ಗಾಡಿ ಮೂಲ ರೂಪದಲ್ಲಿರಬೇಕು, ಚಾಸಿಸ್, ಬಾಡಿ, ಎಂಜಿನ್ನಿನಲ್ಲಿ ದೊಡ್ಡ ಮಾರ್ಪಾಡು ಆಗಿರಬಾರದು. ಕ್ಯಾಪ್ ಒಳಗೆ ಅಡಗುವ, ಏನನ್ನೂ ಕೊರೆಯದೆ ಕತ್ತರಿಸದೆ ಕೂರಿಸಿ ತೆಗೆಯಬಹುದಾದ ಕಿಟ್ ಆರಿಸುವುದು ಅದಕ್ಕಾಗಿಯೇ ಒಳ್ಳೆಯದು.

ಪ್ರದರ್ಶನಕ್ಕೋ ಹಬ್ಬಕ್ಕೋ ಮಾತ್ರ ಹೊರಡುವ ಕಾರಿಗೆ ಪಾಯಿಂಟೇ ಸಾಕು. ವರ್ಷಕ್ಕೊಮ್ಮೆ ಫೈಬರ್‌ಗೆ ಗ್ರೀಸ್ ಸವರಿ ಸಂದು ನೋಡಿಕೊಂಡರಾಯಿತು. ಗಂಗಾವತಿಯಿಂದ ಕೊಪ್ಪಳಕ್ಕೆ, ಕುಷ್ಟಗಿಯಿಂದ ಯಲಬುರ್ಗಾಕ್ಕೆ ವಾರವಾರ ಓಡುವ ಕಾರಿಗೆ ಎಲೆಕ್ಟ್ರಾನಿಕ್ ಇಗ್ನಿಷನ್ ಹಾಕಿಸುವುದು ಬುದ್ಧಿವಂತಿಕೆ, ಅದರಲ್ಲೂ ಪಾಯಿಂಟಿನ ಹದ ತಿಳಿದ ಕೈಗಳು ಗ್ಯಾರೇಜಿನಿಂದ ಗ್ಯಾರೇಜಿಗೆ ಕಡಿಮೆಯಾಗುತ್ತಿರುವ ಈ ದಿನಗಳಲ್ಲಿ. ಯಾವುದನ್ನೇ ಆರಿಸಿದರೂ ಬುಶ್, ಕ್ಯಾಪ್, ಅರ್ಥ್ ವೈರ್ ಇವು ಮೂರನ್ನು ಮೊದಲು ರಿಪೇರಿ ಮಾಡಿಸಿ. ‘ಕರೆಂಟ್ ಬರವಲ್ದು’ ಎಂಬ ದೂರಿನಲ್ಲಿ ಎಷ್ಟೋ ಸಲ ತಪ್ಪು ಪಾಯಿಂಟಿನದಾಗಿರುವುದಿಲ್ಲ, ಇವುಗಳದೇ ಆಗಿರುತ್ತದೆ.